ಮೊದಲು ಬಲಗಣ್ಣು

ಒಬ್ಬರ ಹೆಸರನ್ನು ಅಳಿಸಿ ಬರುವುದಕ್ಕೆಂದು ತಸ್ಲೀಮಾ ಅಂದು ಖಾನಾಪುರದ ಬಸ್ಸು ಹತ್ತಿದ್ದಳು.

ಕೆಲಸ ಅರ್ಧ ಗಂಟೆಯದು. ಖಾನಾಪುರದಲ್ಲಿ ಒಂದು ಕಣ್ಣಿನ ಟ್ರಸ್ಟು ಇತ್ತು. ಸುತ್ತಲಿನ ಹಳ್ಳಿಗಳಲ್ಲಿ ಶಿಬಿರ ಮಾಡಿ, ಕಣ್ಣು ತಪಾಸಿಸಿ, ಬೇಕಾದವರಿಗೆ ಕನ್ನಡಕ ಮಾಡಿಸಿ ಕೊಡುವ ಟ್ರಸ್ಟು. ಅಲ್ಲಿನ ಕಂಪ್ಯೂಟರಿನಿಂದ ಪ್ರಮಿಳಾ ಎಂಬ ಹೆಸರನ್ನು ತೆಗೆದು, ರೋಹನ ಎಂಬ ಹೊಸ ಹೆಸರು ಸೇರಿಸಿ, ಅವನಿಗೊಂದು ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. ಫೋನಿನಲ್ಲೇ ಹೇಳಿ ಮಾಡಿಸಬಹುದಿತ್ತು. ಆದರೆ ಟ್ರಸ್ಟಿನ ಕಾರ್ಯದರ್ಶಿ ಭರಮಪ್ಪನವರು, ‘ಒಮ್ಮಿ ಬಂದು ಹೋಗ್ರಿ, ಹೊಸಾ ಹುಡುಗಗ ಎಲ್ಲಾ ತೋರಿಸಿ ಕೊಡಬೇಕಾಗತೈತಿ, ಸೋಮವಾರದಿಂದ ಕುರ್ಚಿ ಮ್ಯಾಲೆ ಅಂವನ ಕೂಡಂವ’ ಎಂದಿದ್ದರು.

ಬೆಳಗಾವಿಯ ರಾಮತೀರ್ಥ ನಗರದ ಒಂದು ಮನೆಯ ಮುಂದಿನ ಕೋಣೆಯಲ್ಲಿ ಬಸಲಿಂಗಪ್ಪನವರ ಆಫೀಸು. ಊರಿನ ಸಣ್ಣಪುಟ್ಟ ಸಂಸ್ಥೆಗಳಿಗೆ ಅವರು ಕಂಪ್ಯೂಟರ್ ಪ್ರೋಗ್ರಾಮು ಬರೆದುಕೊಡುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದವಳು ತಸ್ಲೀಮಾ ಒಬ್ಬಳೇ. ಅವರೂ ಹೆಚ್ಚು ಮಾತಾಡುವವರಲ್ಲ, ಅವಳಂತೂ ಇಲ್ಲವೇ ಇಲ್ಲ. ಕೆಲವು ದಿನ ಬೆಳಿಗ್ಗೆ ‘ಬಂದ್ಯಾ’ ಎಂದರೆ ಸಂಜೆ ‘ಹೊಂಟ್ಯಾ’ ಎನ್ನುವವರೆಗೆ ನಡುವೆ ಕೀಲಿಗಳ ಸಪ್ಪಳ ಬಿಟ್ಟು ಬೇರೇನೂ ಇರುತ್ತಿರಲಿಲ್ಲ. ಆ ಕೋಣೆಯ ಮೌನ ಅವಳಿಗೆ ಇಷ್ಟ. ಊರಿನ ಇನ್ನೊಂದು ಕಡೆ, ಶಹಾಪುರದ ಅವಳ ಮನೆಯಲ್ಲಿ ಹುಟ್ಟಿದಾಗಿನಿಂದ ಮಗ್ಗಗಳ ಸದ್ದು. ಅಪ್ಪ ಸನಾಉಲ್ಲಾ ಒಂದು ಕಾಲಕ್ಕೆ ನಾಲ್ಕು ಪವರ್‌ಲೂಮು ಓಡಿಸುತ್ತಿದ್ದವರು. ಸದ್ದಿನಲ್ಲಿ ಬೆಳೆದವರಿಗೆ ಮೌನದ ಹಸಿವು ಬೇರೆಯೇ ಇರುತ್ತದೆ ಎಂದು ಅವಳು ತನಗೆ ತಾನೇ ಅಂದುಕೊಳ್ಳುತ್ತಿದ್ದಳು.

ಬಸ್ಸು ದೇಸೂರು ದಾಟುವಾಗ ಅವಳಿಗೆ ಪ್ರಮಿಳಾಳ ಮುಖ ನೆನಪಾಗಲಿಲ್ಲ. ನೆನಪಾದದ್ದು ಕೈ. ನಾಲ್ಕು ತಿಂಗಳ ಹಿಂದೆ ಟ್ರಸ್ಟಿನ ಪ್ರೋಗ್ರಾಮಿಗೆ ಹೊಸ ರೂಪ ಕೊಟ್ಟು ಹಾಕಲು ಬಂದಿದ್ದಾಗ ಆ ಕೈಯನ್ನು ನೋಡಿದ್ದಳು. ಎಡಗೈ ರಿಜಿಸ್ಟರಿನ ಮೇಲೆ ಮರದ ಪಟ್ಟಿಯನ್ನು ಒಂದೊಂದೇ ಸಾಲು ಕೆಳಗೆ ಸರಿಸುತ್ತಿತ್ತು. ಬಲಗೈ ಕೀಬೋರ್ಡಿನ ಮೇಲೆ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು. ಹನ್ನೊಂದು ವರ್ಷ ಆ ಕುರ್ಚಿಯಲ್ಲಿ ಕೂತ ಹೆಂಗಸು. ಹೊಸ ರೂಪ ನೋಡಿ, ‘ಚೊಲೊ ಆಗೇತ್ರಿ’ ಎಂದಿದ್ದಳು, ಅಷ್ಟೇ.

ಟ್ರಸ್ಟು ಇದ್ದದ್ದು ಒಂದು ಹಳೆಯ ಹಂಚಿನ ಕಾರ್ಖಾನೆಯ ಗೋದಾಮಿನಲ್ಲಿ. ಎತ್ತರದ ಮಾಡು, ಕೆಂಪು ಧೂಳು ಹಿಡಿದ ಗೋಡೆ. ತಸ್ಲೀಮಾ ಒಳಗೆ ಬಂದಾಗ ಪ್ರಮಿಳಾ ತನ್ನ ಡ್ರಾಯರನ್ನು ಖಾಲಿ ಮಾಡುತ್ತಿದ್ದಳು. ಕುರ್ಚಿಗೆ ಹಾಕಿಕೊಳ್ಳುತ್ತಿದ್ದ ಹೊಲಿದ ದಿಂಬು, ಒಂದು ಸ್ಟೀಲಿನ ಲೋಟ, ಆ ಮರದ ಪಟ್ಟಿ, ಎಲ್ಲ ಒಂದು ಕೈಚೀಲದೊಳಗೆ ಹೋಗಿದ್ದವು.

“ಬರ್ರಿ ಮೇಡಮ್ಮಾರ, ಕುಂದರ್ರಿ” ಎಂದು ಭರಮಪ್ಪನವರು ತಮ್ಮ ಮೇಜಿನ ಹಿಂದಿನಿಂದಲೇ ಕರೆದರು. ನಿವೃತ್ತ ಮಾಸ್ತರರು. ಮಾತಾಡುವಾಗ ಈಗಲೂ ತರಗತಿಯ ಕಡೆಯ ಬೆಂಚಿಗೆ ಕೇಳಿಸುವ ಹಾಗೆ ಮಾತಾಡುತ್ತಿದ್ದರು. “ಲಗೂನ ಮುಗಸೂಣು. ಮೂರು ಮಂದಿ ಚಸ್ಮಾ ವಾಪಸ್ ತಂದಾರ್ರಿ. ತಲಿ ನೋಯತೈತಿ ಅಂತಾರ, ಮೆಟ್ಟಲಾ ಇಳಿಯಾಕ ಹೆದರಿಕಿ ಅಂತಾರ. ತಗದು ನೋಡಿದ್ರ ಕಾಗದದಾಗ ಎಲ್ಲಾ ಬರೋಬರಿ. ಕಂಪ್ಯೂಟರದಾಗ ಬಲಗಣ್ಣಿನ ನಂಬರ್ ಎಡಕ್ಕ, ಎಡಗಣ್ಣಿಂದು ಬಲಕ್ಕ. ಹನ್ನೊಂದು ವರ್ಷ ಕೂತು ಎಡಾ ಬಲಾ ಗೊತ್ತಾಗಲಿಲ್ಲ ಅಂದ್ರ ಏನ್ ಹೇಳೂದ್ರಿ? ಕಮಿಟಿಯವರು ಆಕಿನ್ನ ಬಿಡಿಸಬೇಕಂತ ಠರಾವ್ ಮಾಡ್ಯಾರ. ನನ್ನ ಕೈಯಾಗ ಏನಿಲ್ಲ.”

ಪ್ರಮಿಳಾ ಕೇಳಿಸಿಕೊಂಡಳು. ಚೀಲದ ಬಾಯಿ ಕಟ್ಟುತ್ತಿದ್ದ ಬೆರಳುಗಳು ಒಂದು ಕ್ಷಣ ನಿಂತು ಮತ್ತೆ ಕಟ್ಟಿದವು. ಅವಳು ಏನೂ ಹೇಳಲಿಲ್ಲ. ತಸ್ಲೀಮಾ ಆ ಮೌನವನ್ನು ನೋಡಿದಳು. ತಾನು ಇಷ್ಟಪಡುವ ಮೌನದ ಜಾತಿಯದಲ್ಲ ಅದು. ತುಂಬಿದ ಕೊಡದ ಮೇಲೆ ಅಂಗೈ ಇಟ್ಟುಕೊಂಡು ನಡೆಯುವವರ ಮೌನ.

“ಚಹಾ ತಗೊಂಡ ಹೋಗ್ರಿ” ಎಂದಷ್ಟೇ ಅವಳು ತಸ್ಲೀಮಾಳಿಗೆ ಹೇಳಿದಳು. “ನಾ ಇನ್ನೊಂದ್ ತಾಸು ಇರ್ತೀನ್ರಿ. ಬಸ್ ಹನ್ನೆರಡೂವರಿಗೈತಿ.”

ತಸ್ಲೀಮಾ ಕಂಪ್ಯೂಟರಿನ ಮುಂದೆ ಕೂತಳು. ದಿಂಬಿಲ್ಲದ ಕುರ್ಚಿಯ ಸೀಟು ನಡುವೆ ಗುಳಿಬಿದ್ದಿತ್ತು. ಹೆಸರುಗಳ ಪಟ್ಟಿ ತೆರೆದು ‘ಪ್ರಮಿಳಾ’ ಎಂಬ ಸಾಲಿನ ಮೇಲೆ ಮೌಸಿನ ಬಾಣ ಇಡುವಷ್ಟರಲ್ಲಿ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಒಬ್ಬ ಮುದುಕಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಕಣ್ಣಿಗೆ ದುಂಡು ಗಾಜಿನ ಕನ್ನಡಕ. ಆದರೆ ಕನ್ನಡಕ ತಲೆಕೆಳಗಾಗಿತ್ತು. ಕಿವಿಯ ಹಿಂದೆ ಕೆಳಗಿಳಿಯಬೇಕಾದ ಕಡ್ಡಿಗಳು ಮೇಲಕ್ಕೆದ್ದು ನಿಂತಿದ್ದವು. ಜಾರದ ಹಾಗೆ ಅವೆರಡಕ್ಕೂ ಕರಿ ಉಣ್ಣೆಯ ದಾರ ಬಿಗಿದು ತಲೆಯ ಹಿಂದೆ ಗಂಟು ಹಾಕಿಕೊಂಡಿದ್ದಳು.

ಭರಮಪ್ಪನವರು ಹಣೆಗೆ ಕೈ ಹಚ್ಚಿದರು. “ನೋಡ್ರಿ ಮೇಡಮ್, ಇಂಥಾ ಮಂದಿ ಕೂಡ ನಮ್ಮ ಏಗಾಟ. ಕಾಡವ್ವಾ, ಚಸ್ಮಾ ಉಲ್ಟಾ ಹಾಕ್ಕೊಂಡೀಯಲ್ಲ ಬೇ. ಊರ ಮಂದಿ ನಗಂಗಿಲ್ಲೇನು?”

“ನಗತಾರಪ್ಪ” ಎಂದಳು ಕಾಡವ್ವ, ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುತ್ತ. “ನಕ್ಕರ ನಗವಲ್ರ್ಯಾಕ. ನಕ್ಕವರಿಗೆ ಗುಡ್ಡದ ಮ್ಯಾಲಿನ ಕುರಿ ಯಾರದು ಅಂತ ಗೊತ್ತಾಗೂದಿಲ್ಲ, ನನಗ ಗೊತ್ತಾಗತೈತಿ.”

“ಮತ್ತ ಈಗ್ಯಾಕ ಬಂದಿ?”

“ನನ್ನ ತಂಗಿ ಚಂದ್ರವ್ವಗೂ ಕಣ್ಣು ಮಂಜ ಆಗೇತಿ. ಆಕೀಗೂ ಇಂಥಾದ ಒಂದು ಕೊಡು ಅಂತ ಕೇಳಾಕ ಬಂದೆ. ಉಲ್ಟಾ ಹಾಕ್ಕೊಳ್ಳೂದ ಕೊಡಪಾ. ನೆಟ್ಟಗ ಹಾಕ್ಕೊಳ್ಳೂದು ಬ್ಯಾಡ.”

ಭರಮಪ್ಪನವರು ಗಟ್ಟಿಯಾಗಿ ನಕ್ಕರು. ಪ್ರಮಿಳಾಳ ತುಟಿಯ ಅಂಚು ಕೂಡ ಸ್ವಲ್ಪ ಅಲುಗಿತು. ತಸ್ಲೀಮಾ ನಗಲಿಲ್ಲ. ಅವಳ ಕೈ ಮೌಸಿನ ಮೇಲೆ ಹಾಗೇ ನಿಂತಿತ್ತು.

“ಆಯಿ, ನೆಟ್ಟಗ ಹಾಕ್ಕೊಂಡ್ರ ಏನಾಗತೈತಿ?” ಎಂದು ಕೇಳಿದಳು.

“ನೆಲಾ ಒಂದ್ ಕಡೆ ಏಳತೈತಿ, ಒಂದ್ ಕಡೆ ಬೀಳತೈತಿ. ಕೊಟ್ಟಾಗ ಎಂಟ ದಿನಾ ನೆಟ್ಟಗ ಹಾಕ್ಕೊಂಡ ನೋಡಿದೆ ಯವ್ವಾ. ನನ್ನ ಕಣ್ಣ ಹೋಗ್ಯಾವು, ಚಸ್ಮಾ ಏನ್ ಮಾಡೀತು ಅಂತ ಗೂಡಿನಾಗ ಇಟ್ಟ ಬಿಟ್ಟೆ. ಒಂದಿನ ಮುಂಜಾನೆ ಮರಿ ಹಾಯ್ದ ಹೋತು ಅಂತ ಗಡಬಡಿಸಿ ಹಾಕ್ಕೊಂಡ ಓಡಿದೆ ನೋಡು, ಎಲ್ಲಾ ನಿಚ್ಚಳ ಕಂಡಬಿಡ್ತು. ಆಮ್ಯಾಲೆ ಕೈಲೆ ಮುಟ್ಟಿ ನೋಡಿಕೊಂಡ್ರ ಉಲ್ಟಾ ಹಾಕ್ಕೊಂಡೀನಿ.”

ತಸ್ಲೀಮಾ ತನ್ನ ಕನ್ನಡಕವನ್ನು ಕಣ್ಣಿನಿಂದ ತೆಗೆದು ಕೈಯಲ್ಲಿ ಹಿಡಿದಳು. ನಿಧಾನವಾಗಿ ತಲೆಕೆಳಗು ಮಾಡಿದಳು. ಬಲಗಣ್ಣಿನ ಮುಂದಿದ್ದ ಗಾಜು ಎಡಗಣ್ಣಿನ ಮುಂದೆ ಬಂತು. ಎಡಗಣ್ಣಿನದು ಬಲಕ್ಕೆ. ಇಷ್ಟು ಸರಳವಾದ ಸಂಗತಿ. ಓದಿದವರು ಮೂವರು ತಲೆನೋವೆಂದು ಕನ್ನಡಕ ವಾಪಸು ತಂದಿದ್ದರು; ಈ ಮುದುಕಿ ಅದನ್ನು ತಿರುಗಿಸಿ ಸರಿಮಾಡಿಕೊಂಡಿದ್ದಳು.

ಅವಳು ಕಾಡವ್ವನ ದಾರ ಬಿಚ್ಚಿ, ಗೋಡೆಯ ಮೇಲಿದ್ದ ಮೂರು ಕಾಲಿನ ಗುರುತುಗಳ ಪಟದ ಎದುರು ಕೂರಿಸಿದಳು. ಓದಲು ಬಾರದವರಿಗಾಗಿ ಇಟ್ಟ ಪಟ ಅದು. ಗುರುತಿನ ಕಾಲುಗಳು ಯಾವ ಕಡೆ ಚಾಚಿವೆ ಎಂದು ಕೈಯಲ್ಲಿ ತೋರಿಸಿದರೆ ಸಾಕು. ಕನ್ನಡಕ ನೇರವಾಗಿ ಹಾಕಿದಾಗ ಕಾಡವ್ವ ಮೂರನೇ ಸಾಲಿಗೇ ತಡವರಿಸಿದಳು. ತಿರುಗಿಸಿ ಹಿಡಿದಾಗ ಏಳನೇ ಸಾಲಿನವರೆಗೂ ಬೇಸರದಿಂದ ಕೈ ಬೀಸುತ್ತ ತೋರಿಸಿಬಿಟ್ಟಳು, ದನ ಅಟ್ಟುವ ಹಾಗೆ.

ಭರಮಪ್ಪನವರ ನಗು ಅರ್ಧಕ್ಕೇ ನಿಂತಿತು. ಆಮೇಲೆ ಅವರು ಹೇಳಿದ್ದು, “ಹಂಗಾದ್ರ ಇದೂ ಆಕಿ ಮಾಡಿದ್ದ. ನಾಲ್ಕನೇದ್ದು.”

ಪ್ರಮಿಳಾ ಕಟ್ಟಿದ ಚೀಲವನ್ನು ಮೂಲೆಗೆ ಸರಿಸಿದಳು.

ತಸ್ಲೀಮಾ ರಿಜಿಸ್ಟರು ಕೇಳಿ ತೆಗೆದುಕೊಂಡಳು. ಕಾಡವ್ವನ ಸಾಲು ಹುಡುಕಿದಳು. ಕಾಗದದಲ್ಲಿ ಬಲಗಣ್ಣಿಗೆ ಮೈನಸ್ ಒಂದು, ಎಡಗಣ್ಣಿಗೆ ಮೈನಸ್ ನಾಲ್ಕೂವರೆ. ಕಂಪ್ಯೂಟರಿನಲ್ಲಿ ಅದಲುಬದಲು. ಮೇಲಿನ ಸಾಲು ನೋಡಿದಳು: ಅದಲುಬದಲು. ಅದರ ಮೇಲಿನದು, ಕೆಳಗಿನದು, ಹಿಂದಿನ ಪುಟದ್ದು. ಎಷ್ಟೋ ಜನರಿಗೆ ಎರಡೂ ಕಣ್ಣಿನ ನಂಬರು ಹೆಚ್ಚುಕಡಿಮೆ ಒಂದೇ ಇದ್ದುದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಆದರೆ ಬದಲಾಗದೆ ಉಳಿದ ಸಾಲು ಒಂದೂ ಇರಲಿಲ್ಲ. ಮತ್ತು ಆ ಸಾಲುಗಳಲ್ಲಿ ಬೇರೆ ಒಂದು ತಪ್ಪೂ ಇರಲಿಲ್ಲ. ಒಂದು ಹೆಸರು ತಪ್ಪಿರಲಿಲ್ಲ, ಒಂದು ಊರು ತಪ್ಪಿರಲಿಲ್ಲ, ಒಂದು ಚುಕ್ಕೆ ಆಚೀಚೆ ಆಗಿರಲಿಲ್ಲ.

ತಪ್ಪು ಮಾಡುವವರು ಹೀಗೆ ಮಾಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ದಣಿದಾಗ ಒಂದು, ಅವಸರದಲ್ಲಿ ಒಂದು, ಮನಸ್ಸು ಎಲ್ಲೋ ಇದ್ದಾಗ ಒಂದು, ಹೀಗೆ ಚದುರಿ ಬೀಳುತ್ತವೆ ಮನುಷ್ಯರ ತಪ್ಪುಗಳು. ಇದು ಹಾಗಿರಲಿಲ್ಲ. ಮುನ್ನೂರ ಹನ್ನೆರಡು ಸಾಲು, ಒಂದೇ ತಪ್ಪು. ಅವಳು ಹಿಂದಕ್ಕೆ ಹೋಗುತ್ತ ಹೋದಳು. ಒಂದು ದಿನಾಂಕಕ್ಕೆ ಬಂದು ತಪ್ಪು ನಿಂತುಹೋಯಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಎಲ್ಲವೂ ಸರಿ ಇತ್ತು.

ಆ ದಿನಾಂಕ ಅವಳಿಗೆ ಗೊತ್ತಿತ್ತು. ತಾನು ಹೊಸ ರೂಪ ಹಾಕಿ ಹೋದ ದಿನ.

ಅವಳು ಎದ್ದು, “ಅಕ್ಕಾರ, ನೀವು ಒಂದ್ ಸಲ ಕೂತು ಯಾವುದಾದ್ರೂ ಒಂದ್ ಹೆಸರು ಹಾಕ್ರಿ. ದಿನಾ ಹೆಂಗ ಹಾಕ್ತೀರೋ ಹಂಗ” ಎಂದಳು.

ಪ್ರಮಿಳಾ ಭರಮಪ್ಪನವರ ಕಡೆ ನೋಡಿದಳು. ಅವರು ಕೈ ಆಡಿಸಿದರು. ಅವಳು ಚೀಲದಿಂದ ಪಟ್ಟಿ ತೆಗೆಯದೆ ಬರೀ ಬೆರಳನ್ನೇ ಸಾಲಿನ ಕೆಳಗಿಟ್ಟುಕೊಂಡು ಕೂತಳು. ಕಣ್ಣು ಕಾಗದದ ಮೇಲೆ ನೆಟ್ಟಿತು. ಬೆಳಗಾವಿಯ ಟೈಪಿಂಗ್ ಕ್ಲಾಸಿನಲ್ಲಿ ಕಲಿಯುವಾಗ ಕೈಗಳ ಮೇಲೆ ಟವೆಲ್ಲು ಹೊದಿಸಿ ಕಲಿಸಿದ್ದರಂತೆ. ಆಗಿನಿಂದ ಅವಳು ಕೀಲಿಯನ್ನೂ ನೋಡುವುದಿಲ್ಲ, ಪರದೆಯನ್ನೂ ನೋಡುವುದಿಲ್ಲ. ಮೌಸನ್ನು ಮುಟ್ಟುವುದೇ ಇಲ್ಲ. ಒಂದು ಕೈ ಕಾಗದದ್ದು, ಒಂದು ಕೈ ಕೀಲಿಗಳದ್ದು. ಮೌಸಿಗೆ ಮೂರನೇ ಕೈ ಎಲ್ಲಿಂದ ತರುವುದು.

ಹೆಸರು, ಮುಂದಿನ ಮನೆಗೆ ದಾಟಿಸುವ ಟ್ಯಾಬ್ ಕೀಲಿ. ಊರು, ಟ್ಯಾಬ್. ವಯಸ್ಸು, ಟ್ಯಾಬ್.

ತಸ್ಲೀಮಾ ಪರದೆಯನ್ನು ನೋಡುತ್ತಿದ್ದಳು. ದೊಡ್ಡ ಫಾರ್ಮಿನೊಳಗೆ ಅಕ್ಕಪಕ್ಕ ಎರಡು ಸಣ್ಣ ಫಾರ್ಮುಗಳು. ಒಳಫಾರ್ಮು ಎಂದು ಅವರ ಕಸುಬಿನಲ್ಲಿ ಕರೆಯುವುದು. ಒಂದು ಬಲಗಣ್ಣಿಗೆ, ಒಂದು ಎಡಗಣ್ಣಿಗೆ. ಕಾಗದದಲ್ಲಿ ಇರುವ ಹಾಗೆಯೇ ಬಲಗಣ್ಣಿನದು ಮೊದಲು, ಎಡಗಣ್ಣಿನದು ಆಮೇಲೆ. ವಯಸ್ಸು ಹಾಕಿ ಟ್ಯಾಬ್ ಒತ್ತಿದಾಗ, ಮಿಣುಕುವ ಕರ್ಸರು ಬಲಗಣ್ಣಿನ ಮನೆಗೆ ಹೋಗಲಿಲ್ಲ. ಅದನ್ನು ಹಾರಿ ಎಡಗಣ್ಣಿನ ಮನೆಯಲ್ಲಿ ಹೋಗಿ ಕೂತಿತು. ಪ್ರಮಿಳಾಳ ಬೆರಳು ಕಾಗದದಲ್ಲಿ ಬಲಗಣ್ಣಿನ ಮೇಲಿತ್ತು. ಅವಳು ಬಲಗಣ್ಣಿನ ನಂಬರು ಹೊಡೆದಳು. ಅದು ಎಡಗಣ್ಣಿಗೆ ಬಿತ್ತು. ಒಂದು ಒಳಫಾರ್ಮು ಬಿಟ್ಟು ಇನ್ನೊಂದಕ್ಕೆ ಹೋಗಲು ಕಂಟ್ರೋಲ್ ಕೀಲಿ ಹಿಡಿದು ಟ್ಯಾಬ್ ಒತ್ತಿದಳು. ಕರ್ಸರು ಹಿಂದಕ್ಕೆ ಹಾರಿ ಬಲಗಣ್ಣಿಗೆ ಬಂತು. ಎಡಗಣ್ಣಿನ ನಂಬರು ಅಲ್ಲಿ ಬಿತ್ತು. ಉಳಿಸುವ ಕೀಲಿ ಒತ್ತಿದಳು. ಫಾರ್ಮು ಖಾಲಿಯಾಗಿ ಮುಂದಿನವರಿಗಾಗಿ ಕಾದು ನಿಂತಿತು.

ಇಷ್ಟೂ ಆಗಿದ್ದು ಒಂದು ಉಸಿರಿನಷ್ಟು ಹೊತ್ತಿನಲ್ಲಿ. ಪ್ರಮಿಳಾ ತಲೆ ಎತ್ತಿ, “ಇಷ್ಟ ನೋಡ್ರಿ” ಎಂದಳು.

ತಸ್ಲೀಮಾಳಿಗೆ ಎಲ್ಲ ನೆನಪಾಯಿತು. ಹೊಸ ರೂಪ ಮಾಡುವಾಗ ಅವಳು ಮೊದಲು ಎಡಗಣ್ಣಿನ ಒಳಫಾರ್ಮನ್ನೇ ಮಾಡಿ ಎಡಕ್ಕೆ ಇಟ್ಟಿದ್ದಳು. ಭರಮಪ್ಪನವರು ಫೋನಿನಲ್ಲಿ, ‘ಹಂಗಲ್ರಿ, ಡಾಕ್ಟರು ಎದುರಿಗೆ ಕೂತ ನೋಡ್ತಾರಲ್ಲ, ಕಾಗದದಾಗ ಬಲಗಣ್ಣು ಎಡಗಡೆ ಇರತೈತಿ’ ಎಂದಿದ್ದರು. ಅವಳು ಮೌಸಿನಿಂದ ಎರಡೂ ಡಬ್ಬಗಳನ್ನು ಹಿಡಿದೆಳೆದು ಜಾಗ ಬದಲಿಸಿದ್ದಳು. ಕಣ್ಣಿಗೆ ಕಾಣುವ ಜಾಗ ಬದಲಾಗಿತ್ತು. ಕೀಬೋರ್ಡು ನಡೆಯುವ ದಾರಿ ಹಳೆಯದೇ ಉಳಿದಿತ್ತು. ಮೊದಲು ಮಾಡಿದ ಡಬ್ಬಕ್ಕೇ ಮೊದಲು. ಆಮೇಲೆ ಅವಳು ಪರೀಕ್ಷೆ ಮಾಡಿ ನೋಡಿದ್ದಳು, ಹತ್ತು ಸಲ ನೋಡಿದ್ದಳು. ಹತ್ತು ಸಲವೂ ಮೌಸಿನಿಂದ ಒತ್ತಿ ಒತ್ತಿ.

ಕಾಡವ್ವ ಚಹಾದ ಬಟ್ಟಲು ಊದುತ್ತಿದ್ದಳು. ಭರಮಪ್ಪನವರು ಯಾವುದೋ ಪತ್ರ ತಿರುವುತ್ತಿದ್ದರು. ಯಾರಿಗೂ ಏನೂ ಕಂಡಿರಲಿಲ್ಲ.

ಈಗ ಒಂದು ನಿಮಿಷದ ಕೆಲಸವಿತ್ತು. ದಾರಿಯ ಕ್ರಮಾಂಕ ಎರಡನ್ನೂ ಅದಲುಬದಲು ಮಾಡಿ, ಪ್ರಮಿಳಾಳ ಹೆಸರು ಅಳಿಸಿ, ರೋಹನನ ಹೆಸರು ಸೇರಿಸಿ, ಚಹಾ ಕುಡಿದು ಬಸ್ಸು ಹತ್ತಿದರೆ ಯಾರಿಗೂ ಎಂದೂ ಗೊತ್ತಾಗುತ್ತಿರಲಿಲ್ಲ. ಹೊಸ ಹುಡುಗ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಕಮಿಟಿಯವರೂ ಅಂದುಕೊಳ್ಳುತ್ತಿದ್ದರು. ಅದಕ್ಕೆ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು.

ಅವಳು ಪ್ರಮಿಳಾಳ ಕಡೆ ತಿರುಗಿದಳು. “ಅಕ್ಕಾರ, ಅವರು ನಿಮಗ ಅಂದಾಗ ನೀವು ಯಾಕ ಏನೂ ಹೇಳಲಿಲ್ಲ?”

ಪ್ರಮಿಳಾ ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. “ಏನ್ ಹೇಳೂದ್ರಿ. ನನ್ನ ಕೈ ಮ್ಯಾಲೆ ನನಗ ನಂಬಿಕಿ ಇತ್ತು. ಬಲಗಣ್ಣು ಮೊದಲ ಹೊಡದೀನಿ, ಎಡಗಣ್ಣು ಆಮ್ಯಾಲೆ ಹೊಡದೀನಿ, ಅದು ಖರೇ. ಆದ್ರ ಮಶೀನದ ಮ್ಯಾಲೆ ನನಗ ಅದಕಿಂತ ಹೆಚ್ಚ ನಂಬಿಕಿ. ಅದೂ ನೀವು ಮಾಡಿದ್ದು. ಕಲ್ತವರು ಮಾಡಿದ್ದು ತಪ್ಪಂಗಿಲ್ಲ, ನಂದ ಎಲ್ಲೋ ತಪ್ಪೇತಿ ಅಂತ ಅನಕೊಂಡೆ.”

ತಸ್ಲೀಮಾ ಫೋನು ತೆಗೆದುಕೊಂಡು ಅಂಗಳಕ್ಕೆ ಹೋದಳು. ಒಡೆದ ಹಂಚುಗಳ ರಾಶಿಯ ಪಕ್ಕ ನಿಂತು ಬಸಲಿಂಗಪ್ಪನವರಿಗೆ ಎಲ್ಲವನ್ನೂ ಹೇಳಿದಳು. ಅವರು ಹೇಳಿದರು:

“ಇಷ್ಟು ವರ್ಷದಾಗ ನಾನೂ ಮೌಸ್ ಬಿಟ್ಟು ಟೆಸ್ಟ್ ಮಾಡಿದ್ದ ನೆನಪಿಲ್ಲ ತಂಗಿ. ತಪ್ಪು ನಿನ್ನೊಬ್ಬಾಕಿದ ಅಲ್ಲ. ಹೋಗು, ಹೇಳ್ಬಿಡು. ಚಸ್ಮಾ ಹೊಸಾವು ನಾವ ಮಾಡಿಸಿ ಕೊಡ್ತೀವಿ ಅಂತ ಸುದ್ದಾ ಹೇಳು.”

ಅವಳು ಒಳಗೆ ಬಂದು ಭರಮಪ್ಪನವರ ಮೇಜಿನ ಮುಂದೆ ನಿಂತಳು. “ಸರ, ತಪ್ಪು ಪ್ರಮಿಳಕ್ಕಂದಲ್ರಿ. ನಂದು.”

“ಪಾಪ ಅಂತ ಹೇಳಾಕತ್ತೀರಿ.”

“ಅಲ್ರಿ. ನೀವ ಬಂದು ಹೊಡದು ನೋಡ್ರಿ. ಮೌಸ್ ಮುಟ್ಟಬ್ಯಾಡ್ರಿ. ಕಾಗದ ಒಂದ ನೋಡ್ರಿ, ಪರದೆ ನೋಡಬ್ಯಾಡ್ರಿ.”

“ನಾ ಒಂದ ಬಟ್ಟಿನಾಂವ. ಸಂಜೀ ಆಗತೈತಿ” ಎನ್ನುತ್ತ ಅವರು ಬಂದು ಕೂತರು. ಒಂದೇ ಬೆರಳಿನಲ್ಲಿ ಒಂದೊಂದೇ ಕೀಲಿ ಹುಡುಕಿ ಹುಡುಕಿ ಕಾಡವ್ವನ ಹೆಸರು ಹಾಕಿದರು. “ಕಾಡವ್ವಾ, ನಿಂದ ಹೆಸರು ಸಣ್ಣದ ಐತಿ, ಪುಣ್ಯಾ” ಎಂದರು. ಊರು ಹಾಕಿದರು, ವಯಸ್ಸು ಹಾಕಿದರು. ಬಲಗಣ್ಣು, ಮೈನಸ್ ಒಂದು. ಎರಡು ಕೀಲಿ ಒಟ್ಟಿಗೆ. ಎಡಗಣ್ಣು, ಮೈನಸ್ ನಾಲ್ಕೂವರೆ.

“ಈಗ ಮ್ಯಾಲೆ ನೋಡ್ರಿ.”

ಅವರು ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಎಲ್ಲ ಅಳಿಸಿ ಇನ್ನೊಮ್ಮೆ ಹಾಕಿದರು. ಎರಡನೇ ಸಲ ಅವರಿಗೆ ಬಹಳ ಹೊತ್ತು ಹಿಡಿಯಿತು, ಯಾಕೆಂದರೆ ನಡುವೆ ಎರಡು ಸಲ ಅವರ ಬೆರಳು ಸುಮ್ಮನೆ ಗಾಳಿಯಲ್ಲಿ ನಿಂತಿತ್ತು.

“ನಾ ಆಕಿಗೆ ಕಮಿಟಿಯವರ ಮುಂದ ಅಂದೆ” ಎಂದರು ಕಡೆಗೆ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವೇನೋ. ಕಾಡವ್ವ ಕೂಡ ಬಟ್ಟಲು ಕೆಳಗಿಟ್ಟು ನೋಡಿದಳು. “ಎಡಾ ಬಲಾ ಗೊತ್ತಿಲ್ಲ ಅಂತ ಹತ್ತ ಮಂದಿ ಮುಂದ ಅಂದ್ನಲ್ಲ.”

ಅವರು ಎದ್ದು ಮೂಲೆಗೆ ಹೋದರು. ಕಟ್ಟಿಟ್ಟ ಚೀಲದ ಬಾಯಿ ಬಿಚ್ಚಿದರು. ದಿಂಬು ತೆಗೆದು ಕುರ್ಚಿಯ ಮೇಲಿಟ್ಟರು, ಲೋಟವನ್ನು ಡ್ರಾಯರಿನೊಳಗೆ ಇಟ್ಟರು. ಮರದ ಪಟ್ಟಿಯನ್ನು ತಂದು ರಿಜಿಸ್ಟರಿನ ಮೇಲೆ, ಆ ದಿನ ಹಾಕದೆ ಉಳಿದಿದ್ದ ಸಾಲಿನ ಕೆಳಗೆ, ಸೊಟ್ಟಗಾಗದ ಹಾಗೆ ನೋಡಿ ಇಟ್ಟರು. ಆಮೇಲೆ ಫೋನು ಹಿಡಿದುಕೊಂಡು, “ಠರಾವ್ ತಿರಗಸಬೇಕು. ಒಬ್ಬೊಬ್ಬರಿಗೂ ನಾನ ಹೇಳತೀನಿ” ಎಂದು ಯಾರಿಗೋ ಹೇಳುತ್ತ ಹೊರಗೆ ಹೋದರು. ರೋಹನನಿಗೆ ಶಿಬಿರದ ಕೆಲಸ ಕೊಡುತ್ತೇವೆ ಎನ್ನುವುದೂ ಬಾಗಿಲಾಚೆಯಿಂದ ಕೇಳಿಸಿತು.

ಪ್ರಮಿಳಾ ದಿಂಬಿನ ಮೇಲೆ ಕೂತಳು. ಸ್ವಲ್ಪ ಹೊತ್ತು ಪಟ್ಟಿಯ ಮೇಲೆ ಕೈ ಇಟ್ಟುಕೊಂಡಿದ್ದಳು. ಹನ್ನೆರಡೂವರೆಯ ಬಸ್ಸು ರಸ್ತೆಯಲ್ಲಿ ಹಾರ್ನು ಹಾಕಿ ಹೋಯಿತು. ಅವಳು ಅದರ ಕಡೆ ತಿರುಗಿ ನೋಡಲಿಲ್ಲ.

“ಈಗ ಇದನ್ನ ಸುಧಾರಿಸ್ರಿ” ಎಂದಳು. “ನಾ ಬಾಜುಕ ಕೂತಿರ್ತೀನಿ.”

ಕ್ರಮಾಂಕ ಬದಲಿಸುವುದು ಒಂದು ನಿಮಿಷದ್ದೇ. ಆದರೆ ತಸ್ಲೀಮಾಳಿಗೆ ಅಷ್ಟಕ್ಕೆ ಬಿಡಲು ಮನಸ್ಸಾಗಲಿಲ್ಲ. ನಾಳೆ ಮತ್ತೆ ಯಾರೋ ಡಬ್ಬ ಎಳೆದಾಡಿದರೆ ದಾರಿ ಮತ್ತೆ ತಪ್ಪುತ್ತದೆ. ವಯಸ್ಸಿನ ಮನೆ ಬಿಟ್ಟ ಕೂಡಲೇ ಕರ್ಸರು ಬಲಗಣ್ಣಿನ ಮೊದಲ ಮನೆಗೇ ಹೋಗಬೇಕು ಎಂದು ನೇರವಾಗಿ ಅಪ್ಪಣೆ ಬರೆದಳು. ಕೂಗಿದಳು ಎಂದೇ ಹೇಳಬೇಕು, ಒಳಗಿನ ಮನೆಯ ಹೆಸರು ಹಿಡಿದು. ಕರ್ಸರು ಅಲುಗಲಿಲ್ಲ.

“ಯಾಕ?” ಎಂದಳು ಪ್ರಮಿಳಾ.

“ಒಳಗಿನ ಮನೀಗೆ ಹೇಳಿದೆ, ಅಲ್ಲಿ ಅದು ತಯಾರಾಗಿ ಕೂತೈತಿ. ಆದ್ರ ಕರ್ಸರ್ ಇನ್ನೂ ಹೊರಗ ನಿಂತೈತಿ. ಮೊದಲ ಒಳಫಾರ್ಮಿಗೆ ಹೋಗು ಅನಬೇಕು, ಆಮ್ಯಾಲೆ ಅದರಾಗಿನ ಮನೀಗೆ ಹೋಗು ಅನಬೇಕು. ಎರಡ ಸಲ ಹೇಳಬೇಕು.”

“ಖರೇ ಐತಲ್ರಿ” ಎಂದಳು ಪ್ರಮಿಳಾ. “ಒಳಗಿನ ಕ್ವಾಣ್ಯಾಗ ಚಾಪಿ ಹಾಸಿ, ಹೊರಗ ನಿಂತವರನ್ನ ಬಾ ಅನ್ನದಿದ್ರ ಅವರು ಹೆಂಗ ಬರ್ತಾರ.”

ತಸ್ಲೀಮಾ ಎರಡು ಸಾಲು ಬರೆದಳು. ಮೊದಲು ಬಲಗಣ್ಣಿನ ಡಬ್ಬ, ಆಮೇಲೆ ಅದರೊಳಗಿನ ಮೊದಲ ಮನೆ. ಬಲಗಣ್ಣಿನ ಕೊನೆಯ ಮನೆ ಮುಗಿದಾಗ ಅದೇ ಕೀಲಿಗೆ ಎಡಗಣ್ಣಿಗೆ ಹೋಗುವಂತೆ ಇನ್ನೆರಡು ಸಾಲು. ಇನ್ನು ಎರಡು ಕೀಲಿ ಒಟ್ಟಿಗೆ ಒತ್ತಬೇಕಾಗಿಲ್ಲ. ಆಮೇಲೆ ಅವಳಿಗೆ ಅಪ್ಪ ನೆನಪಾದರು. ನಾಲ್ಕು ಮಗ್ಗ ಒಟ್ಟಿಗೆ ಓಡುವಾಗ ಅವರು ಬಾಗಿಲಾಚೆ ಕೂತು ಚಹಾ ಕುಡಿಯುತ್ತ, ಮೂರನೆಯದರಲ್ಲಿ ಎಳೆ ಹರಿದಿದೆ ಎನ್ನುತ್ತಿದ್ದರು. ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಕರ್ಸರು ಬಲಗಣ್ಣಿಗೆ ಬಂದಾಗ ಒಂದು ಸಣ್ಣ ಸದ್ದು, ಎಡಗಣ್ಣಿಗೆ ಬಂದಾಗ ಎರಡು. ಕಾಗದದಿಂದ ಕಣ್ಣು ಎತ್ತದವರಿಗೆ ಅಷ್ಟು ಸಾಕು.

ಪ್ರಮಿಳಾ ಪಟ್ಟಿ ಸರಿಸುತ್ತ ಹತ್ತು ಹೆಸರು ಹಾಕಿದಳು. ಕಣ್ಣು ಕಾಗದದ ಮೇಲೆಯೇ ಇತ್ತು. ಟಿಕ್. ಟಿಕ್ ಟಿಕ್. ತಸ್ಲೀಮಾ ಪರದೆಯನ್ನೂ ರಿಜಿಸ್ಟರನ್ನೂ ಹೋಲಿಸಿ ನೋಡುತ್ತ ಹೋದಳು. ಹತ್ತೂ ಸರಿ ಇದ್ದವು.

ಹದಿನೈದು ದಿನದ ಮೇಲೆ ಅವಳು ಮತ್ತೆ ಖಾನಾಪುರಕ್ಕೆ ಬಂದಳು. ಹಳೆಯ ಸಾಲುಗಳನ್ನೆಲ್ಲ ತಿದ್ದಿಯಾಗಿತ್ತು. ಎರಡು ಕಣ್ಣಿನ ನಂಬರಿನಲ್ಲಿ ದೊಡ್ಡ ಅಂತರವಿದ್ದವರು ನಲವತ್ತೊಂದು ಜನ. ಅವರ ಹೊಸ ಕನ್ನಡಕಗಳು ಬಂದಿದ್ದವು. ಫೋನು ಮಾಡಿ ಕರೆದಾಗ ಬಂದವರಲ್ಲಿ ಹೆಚ್ಚಿನವರು ಹಳೆಯದನ್ನು ಪೆಟ್ಟಿಗೆಯಲ್ಲೋ ಗೂಡಿನಲ್ಲೋ ಇಟ್ಟುಬಿಟ್ಟಿದ್ದವರು. ತಮ್ಮ ಕಣ್ಣನ್ನೇ ಬೈದುಕೊಂಡು ಸುಮ್ಮನಿದ್ದವರು. ಬಾಗಿಲಲ್ಲಿ ನಿಂತ ಭರಮಪ್ಪನವರು ಒಬ್ಬೊಬ್ಬರಿಗೂ, “ಕಣ್ಣು ನಿಮ್ದು ಚೊಲೊ ಐತಿ, ತಪ್ಪು ನಮ್ಮದು” ಎಂದು ಕಡೆಯ ಬೆಂಚಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು.

ಕಾಡವ್ವ ತಂಗಿ ಚಂದ್ರವ್ವನನ್ನು ಕರೆದುಕೊಂಡು ಬಂದಿದ್ದಳು. ಹೊಸ ಕನ್ನಡಕವನ್ನು ಕೈಗೆ ಕೊಟ್ಟಾಗ ಅಭ್ಯಾಸದಂತೆ ತಲೆಕೆಳಗಾಗಿಯೇ ಏರಿಸಿಕೊಂಡಳು.

“ಇದು ಕೆಟ್ಟೈತಿ” ಎಂದಳು.

ಪ್ರಮಿಳಾ ಎದ್ದು ಬಂದು ಅದನ್ನು ತೆಗೆದು ನೇರ ಮಾಡಿ ಹಾಕಿದಳು. ಕಾಡವ್ವ ಗೋಡೆಯ ಪಟ ನೋಡಿದಳು, ಬಾಗಿಲಾಚೆಯ ರಸ್ತೆ ನೋಡಿದಳು, ಎದುರಿಗಿದ್ದ ತಸ್ಲೀಮಾಳ ಮುಖವನ್ನು ಬಹಳ ಹೊತ್ತು ನೋಡಿದಳು.

“ನೀ ಇಷ್ಟ ಸಣ್ಣಾಕಿ ಏನ?” ಎಂದಳು. “ಆವತ್ತ ದೊಡ್ಡಾಕಿ ಕಂಡಿದ್ದಿ.”

ಪ್ರಮಿಳಾ ನಕ್ಕಳು. ಅವಳ ನಗುವನ್ನು ತಸ್ಲೀಮಾ ಕೇಳಿದ್ದು ಅದೇ ಮೊದಲು.

“ಆಯಿ, ನಿಮ್ಮ ಉಪಕಾರ ಬಾಳ ಆತು” ಎಂದಳು ತಸ್ಲೀಮಾ. ಹೇಳಬೇಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಉಳಿದದ್ದು ಅಷ್ಟೇ.

“ನಂದೇನ ಉಪಕಾರ? ನಾ ತಿರಗಿಸಿ ನೋಡಿದೆ, ಅಷ್ಟ.” ಕಾಡವ್ವ ಕೈಯಲ್ಲಿದ್ದ ಕರಿ ಉಣ್ಣೆಯ ದಾರವನ್ನು ಬೆರಳಿಗೆ ಸುತ್ತಿದಳು. ಅವಳೇ ನೂತದ್ದು. “ಇನ್ನ ಇದು ಯಾಕ ಬೇಕು” ಎಂದು ಬೆಂಚಿನ ಮೇಲಿಟ್ಟು, ತಂಗಿಯ ಸರದಿ ಬಂತೇನೋ ನೋಡಲು ಎದ್ದು ಹೋದಳು.

ಮರುದಿನ ರಾಮತೀರ್ಥ ನಗರದ ಕೋಣೆಯಲ್ಲಿ ಬಸಲಿಂಗಪ್ಪನವರು ‘ಬಂದ್ಯಾ’ ಎಂದರು. ತಸ್ಲೀಮಾ ಹೂಂಗುಟ್ಟಿ ಕೂತಳು. ಆಟೋ ನಗರದ ಒಂದು ವರ್ಕ್‌ಶಾಪಿಗೆ ಮಾಡಿದ ಹೊಸ ಫಾರ್ಮು ಮುಗಿದಿತ್ತು, ಪರೀಕ್ಷೆ ಮಾಡುವುದೊಂದು ಬಾಕಿ. ಅವಳು ಮೌಸಿನ ವೈರು ಕಿತ್ತು, ಸುರುಳಿ ಸುತ್ತಿ, ಪರ್ಸಿನಿಂದ ಕರಿ ಉಣ್ಣೆಯ ದಾರ ತೆಗೆದು ಬಿಗಿಯಾಗಿ ಕಟ್ಟಿ ಡ್ರಾಯರಿನಲ್ಲಿಟ್ಟಳು. ಆಮೇಲೆ ಒಂದು ಕೈಯನ್ನು ಕಾಗದದ ಮೇಲಿಟ್ಟು, ಪರದೆಯಿಂದ ಕಣ್ಣು ತೆಗೆದು, ಮೊದಲ ಟ್ಯಾಬ್ ಒತ್ತಿದಳು.